ಕ್ರೂಸ್ ಹಡಗಿನಿಂದ ಇಳಿದು ಗ್ರ್ಯಾಂಡ್ ಕೇಮನ್‌ನ ಕಡಲಾಮೆಗಳನ್ನು ನೋಡುವ ಬಗೆ

ಪಶ್ಚಿಮ ಕೆರಿಬಿಯನ್‌ನಲ್ಲಿ ಸಂಚರಿಸುವ ಅನೇಕ ಕ್ರೂಸ್ ಹಡಗುಗಳು ಗ್ರ್ಯಾಂಡ್ ಕೇಮನ್ ದ್ವೀಪದ ಬಳಿ ಒಂದು ಹಗಲಿನ ಕೆಲವು ಗಂಟೆಗಳ ಕಾಲ ನಿಲ್ಲುತ್ತವೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಮಕ್ಕಳ ರಜೆಯಲ್ಲಿ, ಇಲ್ಲವೇ ಊರಿನಿಂದ ಬಂದ ತಂದೆತಾಯಿಯರ ಜೊತೆಯಲ್ಲಿ ಈ ಪ್ರವಾಸಕ್ಕೆ ಹೊರಡುವುದುಂಟು. ದ್ವೀಪದ ವೆಸ್ಟ್ ಬೇ ಭಾಗದಲ್ಲಿರುವ, ಕಡಲಾಮೆಗಳನ್ನು ಸಾಕುವ ಕೇಮನ್ ಟರ್ಟಲ್ ಸೆಂಟರ್ ಅವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲಿಗೆ ಹೋಗುವವರು ಸಮಯದ ಲೆಕ್ಕವನ್ನೂ ಆಮೆಯ ಸ್ವಭಾವವನ್ನೂ ಮೊದಲೇ ತಿಳಿದುಕೊಂಡಿದ್ದರೆ ಭೇಟಿ ಸಾರ್ಥಕವಾಗುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರು ಟಿಕೆಟ್ ಕಾಯ್ದಿರಿಸುವ ಮೊದಲೇ ಕಾಗದಪತ್ರಗಳನ್ನು ನೋಡಿಕೊಳ್ಳಬೇಕು. ಹಡಗು ಅಮೆರಿಕದ ಬಂದರಿನಿಂದಲೇ ಹೊರಟು ಅಲ್ಲಿಗೇ ಮರಳುವುದಾದರೂ ಪ್ರಯಾಣಿಕರು ದೇಶದಿಂದ ಹೊರಗೆ ಹೋಗಿ ಬಂದಂತೆಯೇ ಆಗುತ್ತದೆ. ಆದ್ದರಿಂದ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದೆಯೇ, ಅದರಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅನುಮತಿ ಇದೆಯೇ ಎಂಬುದನ್ನು ಪರಿಶೀಲಿಸಿ, ಬ್ರಿಟನ್ನಿನ ಅಧೀನದಲ್ಲಿರುವ ಕೇಮನ್ ದ್ವೀಪಗಳಲ್ಲಿ ಇಳಿಯುವ ನಿಯಮಗಳನ್ನು ಹಡಗಿನ ಕಂಪನಿಯಿಂದಲೇ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ದ್ವೀಪದ ರಾಜಧಾನಿ ಜಾರ್ಜ್ ಟೌನ್‌ನಲ್ಲಿ ದೊಡ್ಡ ಕ್ರೂಸ್ ಹಡಗುಗಳು ಬಂದು ತಾಗುವಂಥ ಕಟ್ಟೆ ಇಲ್ಲ. ಹಡಗು ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತದೆ, ಪ್ರಯಾಣಿಕರನ್ನು ಟೆಂಡರ್ ಎಂದು ಕರೆಯುವ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ಹಡಗಿನವರೇ ಏರ್ಪಡಿಸಿದ ಪ್ರವಾಸಗಳಿಗೆ ಹಣ ಕಟ್ಟಿದವರನ್ನು ಸಾಮಾನ್ಯವಾಗಿ ಮೊದಲು ಇಳಿಸುವುದರಿಂದ, ಸ್ವಂತವಾಗಿ ಹೋಗುವವರು ಬೆಳಿಗ್ಗೆ ಬೇಗನೆ ತಿಂಡಿ ಮುಗಿಸಿ ತಮ್ಮ ಸರದಿಯ ಚೀಟಿ ಪಡೆದುಕೊಳ್ಳಬೇಕು. ಮರಳುವ ಕೊನೆಯ ಟೆಂಡರ್ ಹಡಗು ಹೊರಡುವುದಕ್ಕಿಂತ ಬಹಳ ಮುಂಚೆಯೇ ಬಿಡುತ್ತದೆ. ಆ ಸಮಯವನ್ನು ಬರೆದಿಟ್ಟುಕೊಂಡು ಉಳಿದ ಲೆಕ್ಕವನ್ನೆಲ್ಲ ಅದರಿಂದ ಹಿಂದಕ್ಕೆ ಹಾಕಬೇಕು.

ಗಡಿಯಾರದ ವಿಷಯದಲ್ಲಿ ಇನ್ನೂ ಒಂದು ತೊಡಕು ಇದೆ. ಕೇಮನ್ ದ್ವೀಪಗಳು ವರ್ಷವಿಡೀ ಒಂದೇ ಸಮಯವನ್ನು ಅನುಸರಿಸುತ್ತವೆ, ಆದರೆ ಫ್ಲೋರಿಡಾದಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿರುತ್ತಾರೆ. ಹಡಗು ಫ್ಲೋರಿಡಾದ ಸಮಯವನ್ನೇ ಉಳಿಸಿಕೊಂಡಿದ್ದರೆ, ದಡದಲ್ಲಿ ಮೊಬೈಲ್ ತಾನಾಗಿಯೇ ಸ್ಥಳೀಯ ಸಮಯಕ್ಕೆ ಬದಲಾಗಿ ಎರಡು ಗಂಟೆ ಎಂದು ತೋರಿಸುವಾಗ ಹಡಗಿನಲ್ಲಿ ಮೂರು ಗಂಟೆ ಆಗಿರುತ್ತದೆ. ಹಡಗಿನ ಸಮಯಕ್ಕೆ ಹೊಂದಿಸಿದ ಸಾದಾ ಕೈಗಡಿಯಾರವೊಂದು ಜೊತೆಗಿದ್ದರೆ ಈ ಗೊಂದಲವೇ ಇರುವುದಿಲ್ಲ.

ಬಂದರಿನಿಂದ ಟರ್ಟಲ್ ಸೆಂಟರ್‌ಗೆ ವಾಹನದಲ್ಲಿ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಟ್ಯಾಕ್ಸಿಗಳು ದಡದಲ್ಲೇ ಸಿಗುತ್ತವೆ. ಕಡಿಮೆ ಖರ್ಚಿನಲ್ಲಿ ಹೋಗಬಯಸುವವರು ಎಡ್ವರ್ಡ್ ಸ್ಟ್ರೀಟ್‌ನ ಸಾರ್ವಜನಿಕ ಗ್ರಂಥಾಲಯದ ಪಕ್ಕದ ನಿಲ್ದಾಣದವರೆಗೆ ನಡೆದು ವೆಸ್ಟ್ ಬೇಗೆ ಹೋಗುವ ಮಿನಿಬಸ್ ಹಿಡಿಯಬಹುದು. ಇಲ್ಲಿ ವಾಹನಗಳು ನಮ್ಮ ದೇಶದಂತೆಯೇ ಎಡಬದಿಯಲ್ಲಿ ಓಡುತ್ತವೆ. ಅಮೆರಿಕದ ರಸ್ತೆಗಳಿಗೆ ಒಗ್ಗಿಹೋದವರು ದಾಟುವಾಗ ಮೊದಲು ಬಲಕ್ಕೆ ನೋಡುವ ಹಳೆಯ ಅಭ್ಯಾಸವನ್ನು ನೆನಪು ಮಾಡಿಕೊಳ್ಳಲಿ. ಅಮೆರಿಕದ ಡಾಲರ್ ಎಲ್ಲೆಡೆ ನಡೆಯುತ್ತದೆ, ಆದರೆ ಸ್ಥಳೀಯ ಡಾಲರ್‌ಗೆ ಹೆಚ್ಚಿನ ಬೆಲೆ ಇದೆ: ಒಂದು ಕೇಮನ್ ಡಾಲರ್‌ಗೆ ನಿಗದಿತ ದರ 1.20 ಅಮೆರಿಕನ್ ಡಾಲರ್. ಯಾವ ಡಾಲರ್‌ನಲ್ಲಿ ಬೆಲೆ ಹೇಳುತ್ತಿದ್ದಾರೆ ಎಂದು ಕೇಳಿಯೇ ಹಣ ಕೊಡಬೇಕು.

ಟಿಕೆಟ್ ಕೊಳ್ಳುವ ಮುನ್ನ ಈ ಸ್ಥಳದ ಹಿನ್ನೆಲೆಯನ್ನು ತಿಳಿದಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 1503ರಲ್ಲಿ ಕೊಲಂಬಸ್ ಈ ಕಡೆ ಬಂದಾಗ ಕಡಲಿನಲ್ಲಿ ಆಮೆಗಳು ಎಷ್ಟು ಕಂಡವೆಂದರೆ ದ್ವೀಪಗಳಿಗೆ ಆಮೆಗಳ ಹೆಸರನ್ನೇ ಇಟ್ಟನು. ಮುಂದಿನ ಮೂರು ಶತಮಾನಗಳಲ್ಲಿ ನಾವಿಕರು ಮಾಂಸಕ್ಕಾಗಿ ಅವುಗಳನ್ನು ಹಿಡಿದು ಹಿಡಿದು ಬಹುತೇಕ ಬರಿದು ಮಾಡಿದರು. 1968ರಲ್ಲಿ ಹಸಿರು ಕಡಲಾಮೆಗಳನ್ನು ಸಾಕಿ ಮಾರುವ ಉದ್ದೇಶದಿಂದ ಇಲ್ಲಿ ಫಾರ್ಮ್ ಆರಂಭವಾಯಿತು. 1983ರಲ್ಲಿ ಅದು ಸರ್ಕಾರದ ಕೈಗೆ ಬಂದಿತು. 2001ರ ನವೆಂಬರ್‌ನಲ್ಲಿ ಮಿಶೆಲ್ ಚಂಡಮಾರುತದ ಅಲೆಗಳು ತೀರದಲ್ಲಿದ್ದ ಕೊಳಗಳನ್ನು ಒಡೆದು ಅನೇಕ ಆಮೆಗಳನ್ನು ಕೊಚ್ಚಿಕೊಂಡು ಹೋದ ಬಳಿಕ ಅದನ್ನು ಹೊಸದಾಗಿ ಕಟ್ಟಲಾಯಿತು. ಇಂದಿಗೂ ಇಲ್ಲಿ ಬೆಳೆದ ಆಮೆಗಳ ಒಂದು ಪಾಲು ದ್ವೀಪದ ಜನರ ಊಟಕ್ಕೆ ಹೋಗುತ್ತದೆ, ಮತ್ತೊಂದು ಪಾಲನ್ನು ಕಡಲಿಗೆ ಬಿಡಲಾಗುತ್ತದೆ. ಹೀಗೆ ಬಿಟ್ಟವುಗಳ ಸಂಖ್ಯೆ 30,000 ದಾಟಿದೆ. ಆಮೆಗಳನ್ನು ಇಕ್ಕಟ್ಟಾಗಿ ಇಡುತ್ತಾರೆ, ಪ್ರವಾಸಿಗರ ಕೈಗೆ ಕೊಡುತ್ತಾರೆ ಎಂದು ಪ್ರಾಣಿದಯಾ ಸಂಘಟನೆಯೊಂದು 2012ರಲ್ಲಿ ಕಟುವಾಗಿ ಟೀಕಿಸಿತ್ತು. ಸಾಕಿದ ಆಮೆಯ ಮಾಂಸ ಸಿಗುವುದರಿಂದ ಕಡಲಿನ ಆಮೆಗಳ ಕಳ್ಳಬೇಟೆ ತಗ್ಗುತ್ತದೆ ಎಂಬುದು ಅದನ್ನು ನಡೆಸುವವರ ವಾದ. ಇವೆಲ್ಲವನ್ನೂ ಮಕ್ಕಳಿಗೆ ಹಡಗಿನಲ್ಲೇ ಸರಳವಾಗಿ ವಿವರಿಸಿದರೆ, ಊಟದ ಪಟ್ಟಿಯಲ್ಲಿ ಆಮೆಯ ಸಾರು ಕಂಡಾಗ ಅವರು ಕಂಗೆಡುವುದಿಲ್ಲ.

ಒಳಗೆ ಹೋದ ಮೇಲೆ ಹೆಚ್ಚಿನವರು ನೇರವಾಗಿ ಮರಿಗಳನ್ನು ಮುಟ್ಟುವ ತೊಟ್ಟಿಗಳ ಕಡೆಗೆ ನಡೆಯುತ್ತಾರೆ. ನನ್ನ ಸಲಹೆಯೆಂದರೆ ಮೊದಲು ದೊಡ್ಡ ಆಮೆಗಳಿರುವ ಸಂತಾನ ಕೊಳದ ಬಳಿ ನಿಂತು ನಿಧಾನವಾಗಿ ನೋಡಬೇಕು. ನೂರು ಕಿಲೋಗಿಂತ ಹೆಚ್ಚು ತೂಗುವ ಆಮೆಯೊಂದು ಕೆಳಗಿನಿಂದ ನೆರಳಿನಂತೆ ಮೇಲೇರಿ, ತಲೆಯನ್ನಷ್ಟೇ ಹೊರಗೆ ಚಾಚಿ, ಬುಸ್ಸೆಂದು ಉಸಿರು ಬಿಟ್ಟು, ಒಂದೇ ಗುಟುಕಿಗೆ ಗಾಳಿ ಎಳೆದುಕೊಂಡು ಮತ್ತೆ ಮುಳುಗುತ್ತದೆ. ಕೊಳದ ಅಂಚಿನ ಮರಳಿನ ದಂಡೆ ಹೆಣ್ಣಾಮೆಗಳು ಮೊಟ್ಟೆಯಿಡಲೆಂದೇ ಮಾಡಿದ್ದು. ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆಗಳಿರುತ್ತವೆ, ಮರಿಯಾಗಲು ಸುಮಾರು ಎರಡು ತಿಂಗಳು ಬೇಕು. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಬಿಸಿಯೇ ನಿರ್ಧರಿಸುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದರೆ ಹೆಣ್ಣುಗಳೇ ಹೆಚ್ಚು. ಹೊನ್ನಾವರದ ಕಾಸರಕೋಡು ತೀರದಲ್ಲಿ ಆಲಿವ್ ರಿಡ್ಲಿ ಆಮೆಗಳ ಗೂಡುಗಳಿಗೆ ಬೇಲಿ ಕಟ್ಟಿ ಕಾಯುವುದನ್ನು ಕಂಡವರಿಗೆ ಇದು ಹೊಸದೆನಿಸಲಾರದು.

ಇನ್ನು ಮುಟ್ಟುವ ತೊಟ್ಟಿಗಳ ವಿಚಾರ. ಕೈಗೆ ಹಚ್ಚಿದ ಸನ್‌ಸ್ಕ್ರೀನ್, ಸೊಳ್ಳೆಯ ಔಷಧಿ ನೀರಿಗೆ ಸೇರಬಾರದಾದ್ದರಿಂದ ಮೊದಲೇ ತೊಳೆದುಕೊಂಡು, ಉಂಗುರ, ಬಳೆಗಳನ್ನು ತೆಗೆದಿಡಬೇಕು. ಸನ್‌ಸ್ಕ್ರೀನ್‌ನ ಬದಲು ತುಂಬುತೋಳಿನ ಈಜು ಅಂಗಿ ಧರಿಸಿದರೆ ಇನ್ನೂ ಉತ್ತಮ. ಕಡಲಾಮೆ ನೆಲದ ಆಮೆಯಂತೆ ತಲೆಯನ್ನೂ ಕೈಕಾಲುಗಳನ್ನೂ ಚಿಪ್ಪಿನೊಳಗೆ ಎಳೆದುಕೊಳ್ಳಲಾರದು. ಹೆದರಿದಾಗ ಅದಕ್ಕೆ ಉಳಿದಿರುವುದು ಈಜುಗಾಲುಗಳನ್ನು ಬಡಿಯುವುದೊಂದೇ. ಮರಿಯನ್ನು ನೀರಿನಿಂದ ಎತ್ತಿದೊಡನೆ ಅದು ಪಟಪಟನೆ ಬಡಿಯತೊಡಗುತ್ತದೆ, ಗಾಬರಿಗೊಂಡ ಕೈ ಸಡಿಲವಾಗುತ್ತದೆ, ಬಿದ್ದ ಮರಿಗೆ ಪೆಟ್ಟಾಗುತ್ತದೆ. ಫೋಟೋಕ್ಕೆಂದು ಎತ್ತಿ ಹಿಡಿಯಲು ಅವಕಾಶವಿದ್ದರೂ ಎತ್ತದಿರಿ. ಅಂಗೈಯನ್ನು ನೀರಿನಲ್ಲೇ ಇಟ್ಟುಕೊಂಡರೆ ಮರಿ ತಾನಾಗಿಯೇ ಹತ್ತಿರ ಸುಳಿದಾಡುತ್ತದೆ; ಆಗ ಚಿಪ್ಪಿನ ಪ್ರತಿ ಫಲಕದಲ್ಲಿ ಸೂರ್ಯಕಿರಣದಂತೆ ಹರಡಿದ ಕಂದು ಗೆರೆಗಳನ್ನೂ ಅಂಚಿನ ಬಿಳಿ ಪಟ್ಟಿಯನ್ನೂ ಎತ್ತಿದವರಿಗಿಂತ ಚೆನ್ನಾಗಿ ಕಾಣಬಹುದು. ಕಣ್ಣು, ಕುತ್ತಿಗೆಗಳನ್ನು ಮುಟ್ಟಬಾರದು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಹೊರಬಂದ ಕೂಡಲೇ, ಏನನ್ನೂ ತಿನ್ನುವ ಮೊದಲು, ಮಕ್ಕಳ ಕೈಗಳನ್ನು ಸೋಪು ಹಾಕಿ ತೊಳೆಸಬೇಕು.

ಪೂರ್ಣ ಟಿಕೆಟ್‌ನಲ್ಲಿ ಸ್ನಾರ್ಕೆಲ್ ಮಾಡುವ, ಅಂದರೆ ಉಸಿರಾಟದ ಕೊಳವೆ ಕಚ್ಚಿಕೊಂಡು ತೇಲುತ್ತಾ ನೀರಿನೊಳಗೆ ನೋಡುವ ಕೊಳ, ಪಕ್ಷಿಗಳ ಆವರಣ ಮುಂತಾದವೂ ಸೇರುತ್ತವೆ. ಎರಡು ಗಂಟೆಗಿಂತ ಕಡಿಮೆ ಸಮಯವಿದ್ದರೆ ಆಮೆಗಳ ಭಾಗಕ್ಕಷ್ಟೇ ಸೀಮಿತವಾದ ಟಿಕೆಟ್ ಸಾಕು. ಕಪ್ಪು ಸುಣ್ಣಕಲ್ಲಿನ ಬಂಡೆಗಳಿರುವ ಹೆಲ್ ಎಂಬ ತಾಣವೂ ಸಮೀಪದಲ್ಲೇ ಇದೆ. ಅಲ್ಲಿಗೆ ಕಾಲು ಗಂಟೆ ಕೊಟ್ಟರೆ ಹೆಚ್ಚಾಯಿತು.

ಆಮೆಯ ಚಿಪ್ಪಿನಿಂದ ಮಾಡಿದ ಬಳೆ, ಬಾಚಣಿಗೆ ಎಲ್ಲಿ ಕಂಡರೂ ಕೊಳ್ಳಬಾರದು. ಎಲ್ಲ ಕಡಲಾಮೆಗಳೂ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ಸೈಟೀಸ್ ಒಪ್ಪಂದದ ಮೊದಲ ಅನುಬಂಧದಲ್ಲಿವೆ. ಅಮೆರಿಕದಲ್ಲಾಗಲಿ ಭಾರತದಲ್ಲಾಗಲಿ ಸುಂಕದ ಅಧಿಕಾರಿಗಳು ಅದನ್ನು ವಶಪಡಿಸಿಕೊಳ್ಳುವುದಲ್ಲದೆ ಪ್ರಕರಣವನ್ನೂ ಹೂಡಬಹುದು.

ಸಾಕಿದ ಆಮೆಗಳನ್ನು ನೋಡಲು ಮನಸ್ಸು ಒಪ್ಪದವರು ಜಾರ್ಜ್ ಟೌನ್‌ನಿಂದ ದಕ್ಷಿಣ ತೀರದ ಸ್ಪಾಟ್ಸ್ ಬೀಚ್‌ಗೆ ಹೋಗಬಹುದು. ಅಲ್ಲಿ ಕಡಲಹುಲ್ಲು ಮೇಯಲು ಕಾಡು ಆಮೆಗಳು ದಡದ ಹತ್ತಿರಕ್ಕೇ ಬರುತ್ತವೆ, ಬೆಳಗಿನ ಹೊತ್ತು ಕಾಣುವ ಸಾಧ್ಯತೆ ಹೆಚ್ಚು. ಕಂಡೇ ಕಾಣುತ್ತವೆಂಬ ಭರವಸೆ ಇಲ್ಲ. ಅಲೆ ಜೋರಾಗಿದ್ದರೆ ನೀರಿಗೆ ಇಳಿಯದೆ ದಡದಿಂದಲೇ ನೋಡಬೇಕು. ಇಳಿದರೂ ಬೆನ್ನಟ್ಟದೆ, ಆಮೆ ಉಸಿರಿಗಾಗಿ ಮೇಲೇರುವ ದಾರಿಗೆ ಅಡ್ಡ ಬಾರದೆ, ಕೆಲವು ಮೀಟರ್ ದೂರದಲ್ಲಿ ತೇಲುತ್ತಿರಬೇಕು.