ಮಾರ್ಕು ಹಾಕುವವರ ಕಥೆ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಂಘದವರು ಪ್ರತಿ ನವೆಂಬರ್‌ನಲ್ಲಿ ಒಂದು ಭಾನುವಾರ ಪ್ರತಿಭಾ ಸ್ಪರ್ಧೆ ಇಡುತ್ತೇವೆ. ಹಾಡು, ಏಕಪಾತ್ರಾಭಿನಯ, ಯಕ್ಷಗಾನದ ಕುಣಿತ, ಮಿಮಿಕ್ರಿ, ಯಾರು ಏನು ಬೇಕಾದರೂ ಮಾಡಬಹುದು. ಮೂರು ವರ್ಷದ ಹಿಂದೆ ಇದರ ಹೊಣೆ ನನ್ನ ತಲೆಗೆ ಬಂತು. ಹಾಲ್, ಮೈಕು, ಉಪ್ಪಿಟ್ಟು, ಚಹಾ ಹೇಗೋ ಆಗಿಬಿಡುತ್ತವೆ. ನನ್ನನ್ನು ಸುಸ್ತು ಮಾಡಿದ್ದು ಮಾರ್ಕುಗಳು.

ಮೊದಲ ವರ್ಷ ಸ್ವಲ್ಪ ಹೆಸರಿದ್ದವರೊಬ್ಬರನ್ನು ಮುಂಬಯಿ ಕಡೆಯಿಂದ ಕರೆಸಿದೆ. ನಮ್ಮ ಕಡೆಯ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ಭಾನುವಾರ ಅಂದರೆ ಮೆಗಾ ಬ್ಲಾಕ್, ಹಳಿ ರಿಪೇರಿಗೆ ಅಂತ ರೈಲುಗಳನ್ನು ನಿಲ್ಲಿಸುವುದು, ಬೇರೆ ಹಳಿಗೆ ತಿರುಗಿಸುವುದು. ಅವತ್ತು ಮಾಟುಂಗಾ–ಮುಲುಂಡ್ ನಡುವೆ ಇತ್ತು. ಇದನ್ನು ನೋಡದೆ ಸಮಯ ಕೊಟ್ಟಿದ್ದು ನನ್ನದೇ ತಪ್ಪು. ಅವರು ಒಂದೂವರೆ ಗಂಟೆ ತಡವಾಗಿ ಬಂದರು. ಇನ್ನೂ ಎಂಟು ಮಕ್ಕಳು ಬಾಕಿ ಇರುವಾಗಲೇ ಮತ್ತೊಂದು ಕಾರ್ಯಕ್ರಮ ಇದೆ ಅಂತ ಎದ್ದು ಹೊರಟರು. ಅವತ್ತೇ ಗಟ್ಟಿ ಮಾಡಿಕೊಂಡೆ: ಇನ್ನು ಮುಂದೆ ಜಡ್ಜ್ ಆಗುವವರು ಮನೆಯಿಂದ ನಡೆದು ಬರುವಷ್ಟು ಹತ್ತಿರದವರೇ ಆಗಿರಬೇಕು.

ಎರಡನೇ ವರ್ಷ ಹಾಗೇ ಮೂವರು ಸಿಕ್ಕರು. ಒಬ್ಬರು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಟೀಚರ್. ಒಬ್ಬರು ಮನೆಯಲ್ಲೇ ಹಾರ್ಮೋನಿಯಂ ಕಲಿಸುವ ಮೇಷ್ಟ್ರು. ಮೂರನೆಯವರು ಕ್ಯಾಂಟೀನ್ ನಡೆಸುವ ಕುಂದಾಪುರದ ಅಣ್ಣ, ಚಿಕ್ಕಂದಿನಲ್ಲಿ ಮೇಳದಲ್ಲಿ ಚೆಂಡೆ ಬಾರಿಸಿದವರು. ಕರೆದಾಗ ಅವರು, "ಹೆಜ್ಜೆ ತಪ್ಪಿದ್ದು ನಂಗೆ ಕಾಣುತ್ತೆ ಮಾರಾಯ್ರೆ, ರಾಗ ತಪ್ಪಿದ್ರೆ ಗೊತ್ತಾಗಲ್ಲ" ಅಂದರು. ನನಗೆ ಅಂಥವರೇ ಬೇಕಿತ್ತು.

ಆದರೆ ಫಲಿತಾಂಶದ ದಿನ ಜಗಳ ಆಯಿತು. ಪ್ರತಿಯೊಬ್ಬ ಜಡ್ಜ್ 20 ಮಾರ್ಕಿಗೆ ಹಾಕುವುದು, ಮೂರನ್ನೂ ಕೂಡುವುದು, ಇಷ್ಟೇ ನಮ್ಮ ಲೆಕ್ಕ. ಒಂದು ಹಾಡಿನ ಹುಡುಗಿಗೆ ಟೀಚರ್ 17, ಕ್ಯಾಂಟೀನ್ ಅಣ್ಣ 18, ಮೇಷ್ಟ್ರು 14 ಕೊಟ್ಟಿದ್ದರು. ಒಟ್ಟು 49. ಇನ್ನೊಬ್ಬ ಹುಡುಗನಿಗೆ 16, 17, 19. ಒಟ್ಟು 52. ಹುಡುಗ ಗೆದ್ದ. ಹುಡುಗಿಯ ಅಪ್ಪ ಹಾಳೆ ಕೇಳಿ ತೆಗೆದುಕೊಂಡರು. "ಇಬ್ಬರು ಜಡ್ಜ್ ನಮ್ಮ ಮಗಳೇ ಚೆನ್ನಾಗಿ ಹಾಡಿದ್ದಾಳೆ ಅಂತಾರೆ, ಮತ್ತೆ ಸೋತಿದ್ದು ಹೇಗೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ಹಾಳೆಗಳನ್ನೆಲ್ಲ ಹರಡಿಕೊಂಡು ಕುಳಿತೆ. ಆಗ ಕಂಡಿತು. ಟೀಚರೂ ಅಣ್ಣನೂ ಯಾರಿಗೂ ಬೇಜಾರಾಗದಿರಲಿ ಅಂತ ಎಲ್ಲರಿಗೂ 15ರಿಂದ 18ರ ಒಳಗೇ ಕೊಟ್ಟಿದ್ದರು. ಮೇಷ್ಟ್ರು ಮಾತ್ರ 6ರಿಂದ 19ರ ತನಕ ಹರಡಿದ್ದರು. ಅವರದು ಮೋಸ ಏನಲ್ಲ, ಅವರು ಮಾರ್ಕು ಹಾಕುವ ಕ್ರಮವೇ ಹಾಗೆ. ಆದರೆ ಕೂಡಿದಾಗ ಉಳಿದಿಬ್ಬರ ಒಂದೊಂದು ಮಾರ್ಕಿನ ವ್ಯತ್ಯಾಸ ಅವರ ಐದು ಮಾರ್ಕಿನ ಮುಂದೆ ಕಾಣದಂತೆ ಹೋಗಿತ್ತು. ಹೆಸರಿಗೆ ಮೂವರು ಜಡ್ಜ್, ತೀರ್ಮಾನ ಒಬ್ಬರದು.

ಮರುವರ್ಷ ಮಾರ್ಕು ಕೂಡುವುದನ್ನೇ ಬಿಟ್ಟೆ. ಜಡ್ಜ್‌ಗಳು ತಮ್ಮ ನೆನಪಿಗೆ ಬೇಕಾದರೆ ಮಾರ್ಕು ಬರೆದುಕೊಳ್ಳಲಿ, ನನಗೆ ಕೊಡುವುದು ಮೊದಲ ಐದು ಸ್ಥಾನ ಮಾತ್ರ. ಒಂದನೆಯದಕ್ಕೆ 1, ಎರಡನೆಯದಕ್ಕೆ 2, ಹೀಗೆ. ಐದರಲ್ಲಿ ಬರದವರಿಗೆಲ್ಲ 6. ಮೊತ್ತ ಯಾರದು ಕಡಿಮೆಯೋ ಅವರು ಗೆದ್ದರು. ಹಳೆಯ ಹಾಳೆಯನ್ನೇ ಇದರಲ್ಲಿ ಹಾಕಿ ನೋಡಿದೆ. ಹುಡುಗಿಗೆ 1, 1, 2, ಅಂದರೆ 4. ಹುಡುಗನಿಗೆ 2, 2, 1, ಅಂದರೆ 5. ಅವಳ ಅಪ್ಪನಿಗೆ ಇದನ್ನು ಇವತ್ತಿಗೂ ಹೇಳಿಲ್ಲ. ಧೈರ್ಯ ಆಗಲಿಲ್ಲ.

ಇದರಲ್ಲೂ ತೊಂದರೆ ಇದೆ. ಇಬ್ಬರ ಮೊತ್ತ ಸಮ ಬರುವುದು ಜಾಸ್ತಿ. ಹಾಗಾದಾಗ ಮೂವರಲ್ಲಿ ಇಬ್ಬರು ಯಾರನ್ನು ಮೇಲೆ ಇಟ್ಟಿದ್ದಾರೆ ಅಂತ ನೋಡುತ್ತೇವೆ. ಅದೂ ಆಗದಿದ್ದರೆ ಬಹುಮಾನ ಇಬ್ಬರಿಗೂ. ಸ್ಟೀಲ್ ಡಬ್ಬಿ ಎರಡು ಜಾಸ್ತಿ ತಂದಿಟ್ಟರಾಯಿತು.

ಸ್ಪರ್ಧೆಗೆ ಅರ್ಧ ಗಂಟೆ ಮೊದಲು ಜಡ್ಜ್‌ಗಳಿಗೆ ಒಂದು ಪರೀಕ್ಷೆಯನ್ನೂ ಇಟ್ಟೆ. ಸ್ಪರ್ಧೆಯಲ್ಲಿ ಇಲ್ಲದ ಮೂರು ಮಕ್ಕಳು ಹಾಡುತ್ತಾರೆ, ಇವರು ಸ್ಥಾನ ಕೊಟ್ಟು ಯಾಕೆ ಅಂತ ಹೇಳಬೇಕು. ನನ್ನ ಮಗಳಿಗೆ ಮೂವರೂ ಕೊನೆಯ ಸ್ಥಾನ ಕೊಟ್ಟರು. ಆದರೆ ಆ ಹಾಡಿನಿಂದಲೇ ಒಂದು ಮುಖ್ಯ ಮಾತು ಹೊರಗೆ ಬಂತು. ಅವಳು "ಎಲ್ಲಿ" ಅನ್ನುವುದನ್ನು "ಏಲ್ಲಿ" ಅಂತ, "ಒಂದು" ಅನ್ನುವುದನ್ನು "ಓಂದು" ಅಂತ ಹಾಡಿದಳು. ಟೀಚರ್ ಮುಖ ಸಿಂಡರಿಸಿದರು. ಇಲ್ಲಿ ಹುಟ್ಟಿದ ಮಕ್ಕಳು ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಕಲಿಯುತ್ತಾರೆ, ಅಲ್ವಾ? ಮರಾಠಿ ಬರೆಯುವಾಗ ಹ್ರಸ್ವ ಎ, ಹ್ರಸ್ವ ಒ ಅಂತ ಬೇರೆ ಅಕ್ಷರ ಇಲ್ಲ. ಮರಾಠಿಯಲ್ಲಿ ಳ ಇರುವುದರಿಂದ ಅದೊಂದು ಮಾತ್ರ ಸಲೀಸಾಗಿ ಬರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ, ತಾಳ ಬಿಟ್ಟು ಬೇರೇನೂ ನೋಡಬಾರದು ಅಂದರು. ಟೀಚರ್ ಬಿಡಲಿಲ್ಲ. ಕೊನೆಗೆ 12 ವರ್ಷದ ಒಳಗಿನವರಿಗೆ ಉಚ್ಚಾರದ ಲೆಕ್ಕ ಬೇಡ, ದೊಡ್ಡವರಿಗೆ ಇರಲಿ ಅಂತ ಆಯಿತು. ಮೇಲಿಂದ ಟೀಚರೇ ಸ್ಪರ್ಧೆಯ ಹಿಂದಿನ ಎರಡು ಶನಿವಾರ ಮಕ್ಕಳಿಗೆ ಉಚ್ಚಾರ ಹೇಳಿಕೊಡಲು ಒಪ್ಪಿದರು. ನಾನು ಸುಮ್ನೆ ಕೇಳಿದ್ದಷ್ಟೇ.

ಸಮಯದ ಲೆಕ್ಕದಲ್ಲೂ ಒಮ್ಮೆ ಎಡವಿದ್ದೇನೆ. 32 ಜನ, ತಲಾ 4 ನಿಮಿಷ, 128 ನಿಮಿಷ ಸಾಕು ಅಂದುಕೊಂಡಿದ್ದೆ. ಪೆನ್ ಡ್ರೈವ್‌ನಲ್ಲಿ ಟ್ರ್ಯಾಕ್ ಹುಡುಕಲು, ಗೆಜ್ಜೆ ಕಟ್ಟಲು, ಮೈಕು ಇಳಿಸಲು ತಲಾ 2 ನಿಮಿಷ ಬೇಕು. ಅದೇ ಒಂದು ಗಂಟೆಗಿಂತ ಜಾಸ್ತಿ.

ಇನ್ನು ನೆಂಟಸ್ತಿಕೆ. ಇಲ್ಲಿನ ಕನ್ನಡದವರಲ್ಲಿ ಯಾರಿಗೆ ಯಾರು ನೆಂಟರಲ್ಲ ಹೇಳಿ. ಅದಕ್ಕೆ ಹೆಸರು ನೋಂದಾಯಿಸಿದವರ ಪಟ್ಟಿಯನ್ನು ಒಂದು ವಾರ ಮೊದಲೇ ಜಡ್ಜ್‌ಗಳಿಗೆ ಕಳಿಸುತ್ತೇನೆ. ಮಕ್ಕಳ ಗುಂಪಿಗೂ ದೊಡ್ಡವರ ಗುಂಪಿಗೂ ಬೇರೆ ಬೇರೆ ಮೂವರು ಇದ್ದಾರೆ. ಒಂದರಲ್ಲಿ ನೆಂಟರಿದ್ದರೆ ಆ ಜಡ್ಜ್ ಇನ್ನೊಂದಕ್ಕೆ ಹೋಗಬೇಕು. ಈ ಸಲ ಕ್ಯಾಂಟೀನ್ ಅಣ್ಣನ ಮೊಮ್ಮಗಳು ಕುಣಿತಕ್ಕೆ ಹೆಸರು ಕೊಟ್ಟಿದ್ದಾಳೆ. ಅವರನ್ನು ದೊಡ್ಡವರ ಗುಂಪಿಗೆ ಹಾಕಿದೆ. ನಿನ್ನೆ ಫೋನ್ ಮಾಡಿ, "ಮಿಮಿಕ್ರಿಗೆ ನನ್ನ ಮಗನ ಹೆಸರೂ ಬರ್ಕೊಳ್ಳಿ" ಅಂದರು.