ಕ್ಲೆಮ್ ಎಲ್ 25 ಮಾದರಿ ವಿಮಾನ ಕಟ್ಟಿದ ನನ್ನ ಅನುಭವ

ಕೆಲಸಕ್ಕೆಂದು ಜರ್ಮನಿಯ ಬೋಬ್ಲಿಂಗೆನ್‌ಗೆ ಬಂದ ಮೇಲೆ ನನಗೆ ಕ್ಲೆಮ್ ಎಲ್ 25ರ ಹುಚ್ಚು ಹಿಡಿಯಿತು. ಇದೇ ಊರಲ್ಲಿ ಹಾನ್ಸ್ ಕ್ಲೆಮ್ 1928ರಲ್ಲಿ ಹೊರತಂದ ವಿಮಾನ ಅದು. ಹಿಂದೆ ಮುಂದೆ ಎರಡು ಸೀಟು, ತಲೆಯ ಮೇಲೆ ಬರೀ ಆಕಾಶ, ಮೈಯೆಲ್ಲ ಮರ. ಶುರುವಿನವಕ್ಕೆ ಇದ್ದದ್ದು ಸುಮಾರು 20 ಅಶ್ವಶಕ್ತಿಯ ಮರ್ಸಿಡಿಸ್ ಎಂಜಿನ್. ಇವತ್ತಿನ ಎಷ್ಟೋ ಬೈಕುಗಳಿಗೆ ಅದಕ್ಕಿಂತ ಜಾಸ್ತಿ ಇರುತ್ತದೆ, ಅಲ್ವಾ? ಆದರೂ ಹಾರುತ್ತಿತ್ತು. ಅಷ್ಟೇ ಶಕ್ತಿಯ ಇದರ ಅಣ್ಣ ಎಲ್ 20ರಲ್ಲಿ ಜರ್ಮನ್ ಪೈಲಟ್ ಕೋನಿಗ್-ವಾರ್ಟ್‌ಹೌಸೆನ್ 1928-29ರಲ್ಲಿ ಭಾರತದ ಮೇಲೂ ಹಾದು ಲೋಕ ಸುತ್ತಿದರು.

ಗುಟ್ಟೆಲ್ಲ 13 ಮೀಟರ್ ರೆಕ್ಕೆಯಲ್ಲಿದೆ. ನಾನು ಕಟ್ಟಿದ್ದು ರಿಮೋಟ್‌ನಿಂದ ಹಾರಿಸುವ ಪುಟ್ಟ ಮಾದರಿ. ಐದರಲ್ಲಿ ಒಂದು ಅಳತೆಯಲ್ಲಿ ಅದರ ರೆಕ್ಕೆ 2.6 ಮೀಟರ್. ಪಕ್ಕೆಲುಬುಗಳಿಗೆ ಬಾಲ್ಸಾ ಎಂಬ ತುಂಬಾ ಹಗುರ ಮರ, ಉದ್ದದ ತೊಲೆಗೆ ಸ್ಪ್ರೂಸ್ ಮರ ಬಳಸಿದೆ. ರೆಕ್ಕೆಯ ತುದಿ ಸ್ವಲ್ಪ ಕೆಳಮುಖವಾಗಿ ತಿರುಚಿರಬೇಕು. ಇಲ್ಲದಿದ್ದರೆ ವೇಗ ಕಡಿಮೆಯಾದಾಗ ಒಂದು ಪಕ್ಕ ದಿಢೀರನೆ ಬಿದ್ದುಹೋಗುತ್ತದೆ. ಅಂಟು ಒಣಗುವಾಗ ತುದಿಯ ಹಿಂಬದಿ ಅಂಚಿನ ಕೆಳಗೆ ತೆಳು ಪಟ್ಟಿ ಇಟ್ಟು ಆ ತಿರುವು ತಂದೆ.

ನನ್ನನ್ನು ಕಾಡಿದ್ದು ಬಾಲ. ಗಟ್ಟಿಯಾಗಿರಲಿ ಅಂತ ಹಲಗೆಯಲ್ಲೇ ಮಾಡಿದ್ದೆ, 260 ಗ್ರಾಂ ತೂಗಿತು. ತೂಕ ಸರಿದೂಗಿಸಲು ಮೂಗಿಗೆ 400 ಗ್ರಾಂ ಸೀಸ ಬೇಕಾಯಿತು! ಮೂಗು ಚಿಕ್ಕದು, ಬಾಲ ದೂರ. ಹಿಂದೆ ಒಂದು ಗ್ರಾಂ ಹೆಚ್ಚಾದರೆ ಮುಂದೆ ಮೂರು ಗ್ರಾಂ ಹಾಕಬೇಕು. ಎರಡು ದಿನ ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಗರಗಸ ತೆಗೆದುಕೊಂಡು ಬಾಲ ಕತ್ತರಿಸಿದೆ. ಸಣ್ಣ ಕಡ್ಡಿಗಳಿಂದ ಹೊಸದು ಹೆಣೆದೆ, 140 ಗ್ರಾಂಗೆ ಇಳಿಯಿತು. ಸೀಸ 40 ಗ್ರಾಂ ಸಾಕಾಯಿತು. ಮೊದಲ ಸಲ ಕಟ್ಟುವವರು 40 ಅಶ್ವಶಕ್ತಿಯ ಸಾಲ್ಮ್‌ಸನ್ ಎಂಜಿನಿನ ರೂಪ ಆರಿಸಿಕೊಳ್ಳಿ. ಅದರ ಒಂಬತ್ತು ಅಣಕು ಸಿಲಿಂಡರ್‌ಗಳ ತೂಕವೇ ಸೀಸದ ಕೆಲಸ ಮಾಡುತ್ತದೆ.

ಹಾರಿಸುವಾಗ ಐಲರಾನ್ (ರೆಕ್ಕೆಯ ಹಿಂಬದಿ ಅಂಚಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಒಂದರಿಂದಲೇ ತಿರುಗಿಸಲು ಹೋಗಬೇಡಿ. ಇಷ್ಟು ಉದ್ದದ ರೆಕ್ಕೆಯಲ್ಲಿ ಕೆಳಗಿಳಿದ ಐಲರಾನ್ ಗಾಳಿಗೆ ಅಡ್ಡವಾಗಿ ಮೂಗನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ಮೇಲೇಳುವ ಐಲರಾನ್‌ಗೆ ಜಾಸ್ತಿ, ಇಳಿಯುವುದಕ್ಕೆ ಅರ್ಧ ಚಲನೆ ಇಟ್ಟೆ. ಜೊತೆಗೆ ರಡ್ಡರ್ (ಬಾಲದ ಮೇಲೆ ನಿಂತ ಚುಕ್ಕಾಣಿ) ಕೊಟ್ಟೆ.

ಇಳಿಸುವುದಕ್ಕೆ ಮಾತ್ರ ಉದ್ದದ ಬಯಲು ಬೇಕು. ಮೋಟಾರ್ ಪೂರ್ತಿ ನಿಲ್ಲಿಸಿದ್ದರೂ ನನ್ನ ಕ್ಲೆಮ್ ಹುಲ್ಲಿನ ಮೇಲೆ ಮೊಳದೆತ್ತರದಲ್ಲಿ ತೇಲುತ್ತಲೇ ನನ್ನನ್ನು ದಾಟಿ ಹೋಯಿತು. ಮೂರನೇ ಸಲಕ್ಕೆ ಚಕ್ರ ನೆಲ ಮುಟ್ಟಿತು.