ಕೀಮೋ ಮುಗಿದ ಮೇಲೆ ನಮ್ಮನೆಯ ಎಣ್ಣೆ ಲೆಕ್ಕ

ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಫೋನ್ ತುಂಬ ಊಟದ ಸಲಹೆಗಳೇ. ಸಕ್ಕರೆ ಬಿಡು, ಹಾಲು ಮುಟ್ಟಬೇಡ, ಗೋಧಿ ಹುಲ್ಲಿನ ರಸ ಕುಡಿ, ಲಕ್ಷ್ಮಣಫಲ ತರಿಸು. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದರು. ಆದರೆ ಎಲ್ಲವನ್ನೂ ಕೇಳಿದ್ದರೆ ತಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಕೀಮೋ ನಡೆಯುವಾಗಿನ ಊಟ ಬೇರೆ, ಮುಗಿದ ಮೇಲಿನ ಊಟ ಬೇರೆ ಅಂತ ನಾನು ಮೊದಲೇ ತೀರ್ಮಾನಿಸಿದ್ದೆ. ಕೀಮೋ ದಿನಗಳಲ್ಲಿ ಪಥ್ಯದ ಮಾತೇ ಇಲ್ಲ. ಮುಂದಿನ ಸೈಕಲ್, ಅಂದರೆ ಮುಂದಿನ ಸುತ್ತಿನ ಔಷಧ, ತಡೆದುಕೊಳ್ಳುವಷ್ಟು ಶಕ್ತಿ ಇರಬೇಕು, ಅಷ್ಟೇ. ಬಾಯೆಲ್ಲ ಕಬ್ಬಿಣದ ರುಚಿ, ಒಗ್ಗರಣೆ ವಾಸನೆಗೇ ವಾಂತಿ. ಸ್ಟೀಲ್ ಚಮಚ ಬಿಟ್ಟು ಮರದ ಚಮಚ ಹಿಡಿದೆ. ಬಿಸಿ ಆರಿದ ಮೇಲೆ ತಿಂದೆ, ಆಗ ವಾಸನೆ ಕಮ್ಮಿ. ಬಾಯಿ ಹುಣ್ಣಾದಾಗ ಖಾರ, ಹುಳಿ ಎರಡೂ ಬಂದ್. ಗಂಜಿ, ಮೆತ್ತಗಿನ ಇಡ್ಲಿ, ಚೆನ್ನಾಗಿ ಬೆಂದ ಮೊಟ್ಟೆ, ಹೆಸರುಬೇಳೆ ಕಟ್ಟು, ಇಷ್ಟೇ ಒಳಗೆ ಹೋಗುತ್ತಿದ್ದದ್ದು. ಬಿಳಿ ರಕ್ತಕಣ ಇಳಿದಿರುತ್ತದಲ್ವಾ, ಸೋಂಕು ಬೇಗ ತಗಲುತ್ತದೆ, ಅದಕ್ಕೆ ಹಸಿ ಕೋಸಂಬರಿ ನಿಲ್ಲಿಸಿದೆ. ಮೊಳಕೆ ಕಾಳನ್ನೂ ಬೇಯಿಸಿಯೇ ತಿನ್ನುತ್ತಿದ್ದೆ.

ಕ್ಯಾನ್ಸರ್ ಅಂದರೆ ಎಲ್ಲರೂ ಸೊರಗುತ್ತಾರೆ ಅಂದುಕೊಳ್ಳುತ್ತೇವೆ. ಸ್ತನ ಕ್ಯಾನ್ಸರ್‌ನಲ್ಲಿ ಎಷ್ಟೋ ಹೆಂಗಸರಿಗೆ ಉಲ್ಟಾ, ತೂಕ ಏರುತ್ತದೆ. ವಾಂತಿ ತಡೆಯಲು ಕೊಡುವ ಸ್ಟೆರಾಯ್ಡ್, ಓಡಾಟವಿಲ್ಲದ ದಿನಗಳು, ಮುಟ್ಟು ನಿಲ್ಲುವುದು, ಎಲ್ಲ ಸೇರಿಕೊಳ್ಳುತ್ತವೆ. ನನಗೂ ರವಿಕೆ ಬಿಗಿಯಾಯಿತು. ತೂಕ ಜಾಸ್ತಿಯಾದರೆ ಆಪರೇಷನ್ ಆದ ಕಡೆಯ ಕೈ ಊದಿಕೊಳ್ಳುವ ಸಾಧ್ಯತೆಯೂ ಜಾಸ್ತಿ.

ನಾನು ವಿಜ್ಞಾನದ ಮೇಡಂ, ಹುಡುಕಿ ಓದುವ ಚಟ. ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ಕಣ್ಣಿಗೆ ಬಿದ್ದವು. ಒಂದರ ಫಲಿತಾಂಶ ಬಂದದ್ದು 2006ರಲ್ಲಿ. ಅದರಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಸುಮಾರು 2,400 ಹೆಂಗಸರಿದ್ದರು. ಒಂದು ಗುಂಪಿನವರು ಕೊಬ್ಬನ್ನು ದಿನಕ್ಕೆ ಸುಮಾರು 33 ಗ್ರಾಂಗೆ ಇಳಿಸಿದರು. ಅವರ ತೂಕವೂ ಸ್ವಲ್ಪ ಇಳಿಯಿತು, ಕಾಯಿಲೆ ಮರುಕಳಿಸುವುದೂ ಕಮ್ಮಿಯಾಯಿತು. ಇನ್ನೊಂದು 2007ರದ್ದು, 3,000ಕ್ಕೂ ಹೆಚ್ಚು ಹೆಂಗಸರು. ಅಲ್ಲಿ ಒಂದು ಗುಂಪಿಗೆ ರಾಶಿ ರಾಶಿ ತರಕಾರಿ, ತರಕಾರಿ ರಸ, ಹಣ್ಣು, ನಾರು. ಏಳು ವರ್ಷ ಕಳೆದರೂ ಎರಡು ಗುಂಪಿಗೂ ವ್ಯತ್ಯಾಸವಿಲ್ಲ! ಅಲ್ಲಿ ತೂಕ ಇಳಿದಿರಲಿಲ್ಲ. ಗುಟ್ಟು ತೂಕದಲ್ಲೇ ಇರಬಹುದು ಅನ್ನುವವರು ಬಹಳ ಜನ. ಅದು ಪೂರ್ತಿ ಸಾಬೀತಾದ ಮಾತಲ್ಲ. ನನಗೆ ಮಾತ್ರ ರಸಗಳ ಹುಚ್ಚು ಬಿಡಲು ಇಷ್ಟು ಸಾಕಾಯಿತು.

33 ಗ್ರಾಂ ಅಂದರೆ ನಮ್ಮ ಅಡುಗೆಯಲ್ಲಿ ಎಷ್ಟು? ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಹತ್ತಿರಹತ್ತಿರ 14 ಗ್ರಾಂ ಕೊಬ್ಬು. ತೆಂಗಿನಕಾಯಿ, ಹಾಲು, ಕಡಲೆಕಾಯಿಯದ್ದು ಬೇರೆ. ಅದಕ್ಕೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ ಅಂತ ಡಬ್ಬಿಗೆ ಸುರಿದಿಟ್ಟೆ. ಖಾಲಿಯಾದರೆ ಮುಂದಿನ ತಿಂಗಳವರೆಗೆ ಇಲ್ಲ. ಮೊದಮೊದಲು ಯಜಮಾನರ ಗೊಣಗಾಟ ಕೇಳಬೇಕಿತ್ತು. ಮಂಡ್ಯ ಕಡೆಯವಳಾಗಿ ಹುಟ್ಟಿದ್ದು ಇಲ್ಲಿ ಲಾಭವಾಯಿತು. ಉಪ್ಸಾರಿಗೆ ಎಣ್ಣೆಯೇ ಬೇಡ. ಸೊಪ್ಪು, ಕಾಳು ಬೇಯಿಸಿ, ಖಾರ ಅರೆದಿಟ್ಟು, ಪಕ್ಕದಲ್ಲಿ ಮುದ್ದೆ. ಬಸ್ಸಾರಿಗೆ ಕಾಯಿ ಕಮ್ಮಿ ಮಾಡಿ ಬೆಂದ ಕಾಳನ್ನೇ ರುಬ್ಬಿ ಹಾಕಿದೆ, ಮಂದವಾಗಿ ಬಂತು. ಸಂಜೆ ಬೋಂಡದ ಜಾಗಕ್ಕೆ ಕಡ್ಲೆಪುರಿ. ಜೊತೆಗೆ ನಡಿಗೆ. ತೂಕ ನಿಧಾನವಾಗಿ ಇಳಿಯಿತು, ಹಬ್ಬದ ತಿಂಗಳಲ್ಲಿ ಒಂಚೂರು ಏರಿತು, ಮತ್ತೆ ಇಳಿಯಿತು.

ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆ ಅನ್ನುವವರಿದ್ದರು, ಆದರೂ ನಾನು ಪೂರ್ತಿ ಬಿಡಲಿಲ್ಲ. ನಾವು ಸಕ್ಕರೆ ತಿನ್ನದಿದ್ದರೂ ಅನ್ನ, ಮುದ್ದೆಯಿಂದ ರಕ್ತಕ್ಕೆ ಗ್ಲೂಕೋಸ್ ಹೋಗುತ್ತದೆ. ಅದೂ ಇಲ್ಲದಿದ್ದರೆ ಯಕೃತ್ತೇ ತಯಾರಿಸುತ್ತದೆ. ಒಬ್ಬಟ್ಟು ಒಂದಕ್ಕೇ ನಿಲ್ಲಿಸುವುದು ಕಷ್ಟ ಅನ್ನುವುದು ಬೇರೆ ವಿಷಯ.

ಸೋಯಾ ಬಗ್ಗೆ ಅಕ್ಕನಿಗೆ ಭಯವಿತ್ತು, ಅದರಲ್ಲಿ ಹಾರ್ಮೋನ್ ಇದೆಯಂತೆ ಅಂತ. ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಆದ 5,000 ಹೆಂಗಸರನ್ನು ಗಮನಿಸಿ 2009ರಲ್ಲಿ ಬಂದ ವರದಿ ಓದಿ ಹೇಳಿದೆ. ಸೋಯಾ ಆಹಾರ ಜಾಸ್ತಿ ತಿಂದವರಲ್ಲಿ ಸಾವು, ಮರುಕಳಿಕೆ ಎರಡೂ ಕಮ್ಮಿಯೇ ಇತ್ತು. ಮೀಲ್ ಮೇಕರ್ ಪಲ್ಯ ಈಗ ಅಕ್ಕನೇ ಮಾಡಿ ಕಳಿಸುತ್ತಾಳೆ.

ಗುಳಿಗೆಗಳ ವಿಷಯದಲ್ಲಿ ಮಾತ್ರ ನಾನು ಬಿಗಿ. ನಾನು ನುಂಗುವುದು ಟಾಮಾಕ್ಸಿಫೆನ್, ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಮಾತ್ರೆ. ಅರಿಶಿನದ ಸಾರವಾದ ಕರ್ಕ್ಯುಮಿನ್ ಕ್ಯಾಪ್ಸೂಲನ್ನು ಅದರ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಔಷಧದ ಪ್ರಮಾಣ ಇಳಿಯಬಹುದು. ಕಾಳುಮೆಣಸಿನ ಸಾರ ಸೇರಿದ್ದರೆ ಇನ್ನೂ ಇಳಿಯಬಹುದು. ಭಾವ ತಂದುಕೊಟ್ಟ ಡಬ್ಬಿಯನ್ನು ಡಾಕ್ಟರಿಗೆ ತೋರಿಸಿದೆ, ಬೇಡ ಅಂದರು, ವಾಪಸ್ ಕೊಟ್ಟೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಅವರದ್ದೇನೂ ತಕರಾರಿರಲಿಲ್ಲ.